ಬ್ಲೀಚಿಂಗ್ ಪೌಡರ್ ಚೆಲ್ಲಿ ಹೊಗೆ ಎದ್ದರೆ ನೀರಾ, ಮರಳಾ, ಸಿಲಿಂಡರಾ?

ಓದುಗರ ಪ್ರಶ್ನೆ: ಕುಮಟಾ ಹತ್ತಿರ ಹೆದ್ದಾರಿ ಪಕ್ಕದಲ್ಲಿ ನಮ್ಮದೊಂದು ಅಂಗಡಿ ಇದೆ. ಸಿಗಡಿ ಹೊಂಡದವರಿಗೆ ಬ್ಲೀಚಿಂಗ್ ಪೌಡರ್, ಕ್ಲೋರಿನ್ ಗುಳಿಗೆ, ಆಕ್ಸಿಜನ್ ಗುಳಿಗೆ, ಪರ್ಮಾಂಗನೇಟ್ ಮಾರುತ್ತೇವೆ. ತೋಟದವರಿಗೆ ಗೊಬ್ಬರವೂ ಇದೆ. ಮೊನ್ನೆ ಬ್ಲೀಚಿಂಗ್ ಪೌಡರ್ ಡ್ರಮ್ ಇಳಿಸುವಾಗ ಕೈಜಾರಿ ಬಿದ್ದು ಒಡೆಯಿತು. ನಮ್ಮ ಹುಡುಗ ಪಕ್ಕದ ಸಾಮಿಲ್ಲಿನಿಂದ ಮರದ ಹುಡಿ ತಂದು ಮೇಲೆ ಸುರಿದು, ಗುಡಿಸಿ, ಗೋಣಿಚೀಲಕ್ಕೆ ತುಂಬಿ ಮೂಲೆಯಲ್ಲಿ ಇಟ್ಟ. ಮುಕ್ಕಾಲು ಗಂಟೆ ಬಿಟ್ಟು ಚೀಲದಿಂದ ಹೊಗೆ ಬಂತು. ಬೆಂಕಿ ಆರಿಸುವ ಸಿಲಿಂಡರ್ ಹೊಡೆದೆವು. ಆರಿದ ಹಾಗೆ ಕಂಡು ಮತ್ತೆ ಹೊತ್ತಿಕೊಂಡಿತು. ಕೊನೆಗೆ ಚೀಲವನ್ನು ಹೊರಗೆಳೆದು ಪೈಪಿನಲ್ಲಿ ನೀರು ಬಿಟ್ಟೆವು. ಎಲ್ಲರಿಗೂ ಕೆಮ್ಮು ಹಿಡಿಯಿತು. ಉಳಿದ ಕಸ ಇನ್ನೂ ಒಂದು ಮುಚ್ಚಿದ ಬಕೆಟ್ಟಿನಲ್ಲಿ ಹಿತ್ತಲಲ್ಲಿದೆ. ಬ್ಲೀಚಿಂಗ್ ಪೌಡರ್ ಸುಡುವ ವಸ್ತುವೇ ಅಲ್ಲವಲ್ಲ, ಹೊತ್ತಿದ್ದು ಹೇಗೆ? ಮತ್ತೆ ಹೀಗಾದರೆ ನೀರು ಹಾಕಬೇಕಾ, ಮರಳು ಹಾಕಬೇಕಾ? ಯಾವ ಸಿಲಿಂಡರ್ ಇಟ್ಟುಕೊಳ್ಳಬೇಕು?

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ನಾನು ಫೋನ್ ಮಾಡಿದ್ದು ಹಿತ್ತಲಿನ ಆ ಬಕೆಟ್ಟಿಗಾಗಿ. ಬೇರೆ ಓದುಗರಿಗೂ ಗೊತ್ತಿರಲಿ ಅಂತ ಅವತ್ತು ಹೇಳಿದ್ದನ್ನೇ ಮೊದಲು ಬರೆಯುತ್ತೇನೆ. ಬ್ಲೀಚಿಂಗ್ ಪೌಡರ್ ಮತ್ತು ಮರದ ಹುಡಿ ಸೇರಿದ ಕಸವನ್ನು ಬಿಗಿಯಾಗಿ ಮುಚ್ಚಿಡಬಾರದು. ಒಳಗೆ ಅನಿಲ ಹುಟ್ಟುತ್ತಾ ಇರುತ್ತದೆ, ಬಿಸಿಯೂ ಏರುತ್ತದೆ. ಎರಡಕ್ಕೂ ಹೋಗಲು ದಾರಿ ಇರುವುದಿಲ್ಲ. ಬಕೆಟ್ ಉಬ್ಬಿದ್ದರೆ, ಹೊರಮೈ ಬೆಚ್ಚಗಿದ್ದರೆ, ಒಳಗೆ ಸುಯ್ ಎನ್ನುವ ಸದ್ದಿದ್ದರೆ ಮುಟ್ಟಬೇಡಿ. ದೂರ ಸರಿದು 112ಕ್ಕೆ ಫೋನ್ ಮಾಡಿ. ತಣ್ಣಗಿದ್ದರೆ ಗಾಳಿ ನಿಮ್ಮ ಬೆನ್ನಿನಿಂದ ಬೀಸುವ ಹಾಗೆ ನಿಂತು, ಕನ್ನಡಕ ಮತ್ತು ರಬ್ಬರ್ ಕೈಗವಸು ಹಾಕಿ ಮುಚ್ಚಳ ಸಡಿಲಿಸಿ ಹಿಂದೆ ಸರಿಯಿರಿ. ಸುತ್ತ ಸೌದೆ, ತೆಂಗಿನ ಗರಿ, ಡೀಸೆಲ್ ಕ್ಯಾನ್ ಯಾವುದೂ ಇರಬಾರದು. ನೀವು ಹಾಗೆಯೇ ಮಾಡಿದಿರಿ, ಬಕೆಟ್ ತಣ್ಣಗಿತ್ತು. ಮುಂದೆ ಏನಾಯಿತು ಅಂತ ಆಮೇಲೆ ಹೇಳುತ್ತೇನೆ.

ಈಗ ನಿಮ್ಮ ಮೊದಲ ಪ್ರಶ್ನೆ. ಬ್ಲೀಚಿಂಗ್ ಪೌಡರ್ ಸುಡುವುದಿಲ್ಲ, ನಿಜ. ಅದು ಸುಡಿಸುತ್ತದೆ. ಹಳೆ ಅಡುಗೆಮನೆಯ ಊದುಗೊಳವೆ ನೆನಪಿದೆ ಅಲ್ವಾ? ಮಳೆಗಾಲದಲ್ಲಿ ಸೌದೆ ಹೊಗೆಯಾಡುವಾಗ ಅಮ್ಮ ಊದಿದ ತಕ್ಷಣ ಭಗ್ ಅಂತ ಉರಿಯುತ್ತಿತ್ತು. ಸೌದೆ ಅದೇ, ಕೆಂಡ ಅದೇ. ಜಾಸ್ತಿಯಾದದ್ದು ಆಮ್ಲಜನಕ ಮಾತ್ರ. ಬ್ಲೀಚಿಂಗ್ ಪೌಡರ್, ಕ್ಲೋರಿನ್ ಗುಳಿಗೆ, ಪರ್ಮಾಂಗನೇಟ್, ಹೈಡ್ರೋಜನ್ ಪೆರಾಕ್ಸೈಡ್, ನೈಟ್ರೇಟ್ ಗೊಬ್ಬರಗಳು ಎಲ್ಲವೂ ಸೌದೆಯ ಒಳಗೇ ಸಿಕ್ಕಿಸಿದ ಊದುಗೊಳವೆಯ ಹಾಗೆ. ಊದಲು ಯಾರೂ ಬೇಕಾಗಿಲ್ಲ. ಇವಕ್ಕೆ ಆಕ್ಸಿಡೈಸರ್ ಅನ್ನುತ್ತಾರೆ. ಶಾಲೆ ಪುಸ್ತಕದಲ್ಲಿ ಉತ್ಕರ್ಷಕ ಅಂತ ಇರುತ್ತದೆ. ಡ್ರಮ್ಮಿನ ಮೇಲೆ ಹಳದಿ ವಜ್ರದಾಕಾರದ ಚೀಟಿ, ಅದರಲ್ಲಿ ಒಂದು ಸುತ್ತಿನ ಮೇಲೆ ಉರಿಯುವ ಜ್ವಾಲೆ, ಕೆಳಗೆ 5.1 ಎಂಬ ಅಂಕಿ ಇದ್ದರೆ ಅದು ಈ ಜಾತಿಯದ್ದು.

ನಿಮ್ಮ ಹುಡುಗ ಮರದ ಹುಡಿ ತಂದದ್ದು ತಪ್ಪು ಬುದ್ಧಿಯಿಂದಲ್ಲ. ಎಣ್ಣೆ ಚೆಲ್ಲಿದರೆ ನಾವೆಲ್ಲ ಮಾಡುವುದು ಅದನ್ನೇ. ಆದರೆ ಇಲ್ಲಿ ಅವನು ಊದುಗೊಳವೆಗೆ ಸೌದೆ ತಂದು ಕೊಟ್ಟ. ಹುಡಿಯಲ್ಲಿ ಮರದ ಎಣ್ಣೆ ಇರುತ್ತದೆ, ಮಳೆಗಾಲದ ಪಸೆ ಇರುತ್ತದೆ, ಸಾಮಿಲ್ಲಿನ ಯಂತ್ರದ ಗ್ರೀಸೂ ಇರುತ್ತದೆ. ಆಮೇಲೆ ಗೋಣಿಚೀಲ. ಅದೂ ನಾರೇ, ಅದೂ ಸೌದೆಯೇ. ಚೀಲದೊಳಗೆ ಗಾಳಿ ಆಡುವುದಿಲ್ಲ, ಹುಟ್ಟಿದ ಬಿಸಿ ಅಲ್ಲೇ ಉಳಿಯುತ್ತದೆ. ಬಿಸಿ ಏರಿದಷ್ಟೂ ಪೌಡರ್ ಬೇಗ ಒಡೆಯುತ್ತದೆ, ಒಡೆದಷ್ಟೂ ಇನ್ನೂ ಬಿಸಿ. ಅದಕ್ಕೆ ಬೇಕಾದದ್ದೇ ಆ ಮುಕ್ಕಾಲು ಗಂಟೆ.

ಈ ತಡ ಇದೆಯಲ್ಲ, ನನಗೆ ಹೆಚ್ಚು ಭಯ ಅದರದ್ದೇ. ಹೈಸ್ಕೂಲ್ ಲ್ಯಾಬಿನಲ್ಲಿ ಮೇಷ್ಟ್ರು ತೋರಿಸಿದ್ದನ್ನು ನೀವೂ ನೋಡಿರಬಹುದು. ಪರ್ಮಾಂಗನೇಟಿನ ನೇರಳೆ ಹರಳಿನ ಮೇಲೆ ಗ್ಲಿಸರಿನ್ ಹನಿಸುತ್ತಾರೆ. ಏನೂ ಆಗುವುದಿಲ್ಲ. ಹಿಂದಿನ ಬೆಂಚಿನವರು ಮಾತಾಡಲು ಶುರು ಮಾಡುತ್ತಾರೆ. ಆಗ ಒಂದು ಸಣ್ಣ ಎಳೆ ಹೊಗೆ, ಹಿಂದೆಯೇ ಕಣ್ಣು ಕುಕ್ಕುವ ನೇರಳೆ ಜ್ವಾಲೆ. ಬೆಂಕಿಕಡ್ಡಿ ಗೀರಿದವರು ಯಾರೂ ಇಲ್ಲ. ಗೋದಾಮಿನಲ್ಲೂ ಹೀಗೆಯೇ. ಚೆಲ್ಲಿದ್ದನ್ನು ಗುಡಿಸಿ ಮೂಲೆಗಿಟ್ಟು, ಕೈ ತೊಳೆದು, ಬಾಗಿಲು ಹಾಕಿ ಊಟಕ್ಕೆ ಹೋಗುತ್ತಾರೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಈ ಕರಾವಳಿಯದೇ ಒಂದು ಗೋದಾಮಿನಲ್ಲಿ ಇದನ್ನು ಹತ್ತಿರದಿಂದ ಕಂಡಿದ್ದೇನೆ. ಆಷಾಢದ ಮಳೆ. ಡ್ರಮ್ಮಿನ ಮುಚ್ಚಳವನ್ನು ಯಾರೋ ಹಾರೆಯಲ್ಲಿ ಮೀಟಿ ತೆಗೆದಿದ್ದರು, ಪೌಡರ್ ಚೆಲ್ಲಿತ್ತು. ಹಿಡಿಸೂಡಿಯಲ್ಲಿ ಗುಡಿಸುವಾಗ ನೆಲದಲ್ಲಿದ್ದ ಭತ್ತದ ಹೊಟ್ಟು, ಪಂಪ್ ಒರೆಸಿದ ಎಣ್ಣೆ ಬಟ್ಟೆ ಎಲ್ಲ ಸೇರಿ ಒಂದೇ ಗೋಣಿಗೆ ಹೋಯಿತು. ಅರ್ಧ ಗಂಟೆ ಕಳೆದು ನಾನು ಹೋದಾಗ ಚೀಲದ ಮೈಮೇಲೆ ಅಂಗೈಯಷ್ಟು ಅಗಲದ ಕಂದು ಕಲೆ. ದೋಸೆ ಕಾವಲಿ ಮೇಲೆ ಸೀಯುವ ಹಾಗೆ ಕಲೆಯ ಅಂಚು ಮೆಲ್ಲಗೆ ಹರಡುತ್ತಿತ್ತು. ಹೊಲಿಗೆಯ ಸಂದಿನಿಂದ ಬಿಳಿ ಹೊಗೆ. ಗಂಟಲು ಕಚ್ಚುವ ವಾಸನೆ. ಒಬ್ಬರು ಹಸಿ ಗೋಣಿ ತಂದು ಮುಚ್ಚಿದರು, ಮನೆಯಲ್ಲಿ ಒಲೆ ಬೆಂಕಿಗೆ ಮುಚ್ಚುವ ಹಾಗೆ. ಹಸಿ ಗೋಣಿಯ ಕೆಳಗೇ ಬೆಂಕಿ ಎದ್ದಿತು, ಗೋಣಿಯನ್ನೂ ತಿಂದಿತು. ಇನ್ನೊಬ್ಬರು ಒಂದು ಕೊಡಪಾನ ನೀರು ಹೊಯ್ದರು. ಬೆಂಕಿ ಸ್ವಲ್ಪ ತಗ್ಗಿತು, ಆದರೆ ಹಳದಿ ಮಿಶ್ರಿತ ಹಸಿರು ಹೊಗೆ ಎದ್ದು ಎಲ್ಲರೂ ಬಾಗಿಲಿಗೆ ಓಡಿದೆವು. ಕೊನೆಗೆ ಪಕ್ಕದ ಹೊಂಡದ ಪಂಪಿನ ದೊಡ್ಡ ಪೈಪನ್ನು ಬಾಗಿಲ ತನಕ ಎಳೆದು ಧೋ ಅಂತ ನೀರು ಬಿಟ್ಟಾಗ ತಣ್ಣಗಾಯಿತು. ಅವತ್ತು ಒಂದೇ ಕಡೆ, ಹತ್ತೇ ನಿಮಿಷದಲ್ಲಿ, ಈ ವಿಷಯದ ಮುಕ್ಕಾಲು ಪಾಠ ಕಣ್ಣೆದುರೇ ನಡೆಯಿತು.

ಉಸಿರು ಕಟ್ಟಿಸಿ ಈ ಬೆಂಕಿಯನ್ನು ಕೊಲ್ಲಲು ಆಗುವುದಿಲ್ಲ. ಮರಳು, ಹಸಿ ಗೋಣಿ, ನೊರೆ, ಪುಡಿಯ ಸಿಲಿಂಡರ್ ಎಲ್ಲವೂ ಹೆಚ್ಚಾಗಿ ಮಾಡುವ ಕೆಲಸ ಒಂದೇ: ಹೊರಗಿನ ಗಾಳಿ ತಡೆಯುವುದು. ಈ ಬೆಂಕಿ ಹೊರಗಿನ ಗಾಳಿಯನ್ನು ನಂಬಿಕೊಂಡಿಲ್ಲ. ಇದಕ್ಕೆ ಬೇಕಾದದ್ದು ತಂಪು. ತಂಪು ಕೊಡುವುದು ನೀರು, ಅದೂ ಧಾರಾಳವಾಗಿ, ದೂರದಿಂದ, ನಿಲ್ಲಿಸದೆ.

ಇದರ ದೊಡ್ಡ ಉದಾಹರಣೆ 1947ರದ್ದು. ಅಮೆರಿಕದ ಟೆಕ್ಸಸ್ ಸಿಟಿ ಬಂದರಿನಲ್ಲಿ ಗ್ರಾಂಡ್‌ಕ್ಯಾಂಪ್ ಎಂಬ ಹಡಗಿಗೆ ಅಮೋನಿಯಂ ನೈಟ್ರೇಟ್ ಗೊಬ್ಬರ ತುಂಬುತ್ತಿದ್ದರು. ಆಗಲೇ ಸುಮಾರು 2,300 ಟನ್ ತುಂಬಿತ್ತು. ಏಪ್ರಿಲ್ 16ರ ಬೆಳಿಗ್ಗೆ ಎಂಟರ ಸುಮಾರಿಗೆ ಚೀಲಗಳ ನಡುವೆ ಹೊಗೆ ಕಂಡಿತು. ನೀರು ಬಿಟ್ಟರೆ ಸರಕು ಹಾಳಾಗುತ್ತದೆ ಅಂತ ಕಪ್ತಾನ ಹಡಗಿನ ಹೊಟ್ಟೆಯ ಬಾಗಿಲು ಮುಚ್ಚಿಸಿ ಒಳಗೆ ಹಬೆ ಬಿಡಿಸಿದ. ಗಾಳಿ ತಡೆದರೆ ಆರುತ್ತದೆ ಎಂಬ ಲೆಕ್ಕ. ಕಲ್ಲಿದ್ದಲಿಗೋ ಹತ್ತಿಗೋ ಆ ಲೆಕ್ಕ ಸರಿ. ಇಲ್ಲಿ ಉಸಿರು ಒಳಗೇ ಇತ್ತು, ಹಬೆ ಅದಕ್ಕೆ ಇನ್ನಷ್ಟು ಬಿಸಿ ಕೊಟ್ಟಿತು. 9 ಗಂಟೆ 12 ನಿಮಿಷಕ್ಕೆ ಹಡಗು ಸಿಡಿಯಿತು. ಕಡಿಮೆ ಎಂದರೂ 581 ಜನ ಸತ್ತರು. ಬೆಂಕಿ ಆರಿಸಲು ಹೋದ ಆ ಊರಿನ ಅಗ್ನಿಶಾಮಕ ದಳದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅದರಲ್ಲಿದ್ದರು. 2020ರ ಆಗಸ್ಟ್ 4ರಂದು ಬೈರೂತಿನ ಬಂದರಿನಲ್ಲಿ ಸಿಡಿದ 2,750 ಟನ್ನೂ ಅಮೋನಿಯಂ ನೈಟ್ರೇಟೇ. ನಿಮ್ಮ ಅಂಗಡಿಯಲ್ಲಿ ಅದಿಲ್ಲ, ಹೆದರಬೇಡಿ. ಆದರೆ ಮುಚ್ಚಿದರೆ ಆರುತ್ತದೆ ಎಂಬ ನಂಬಿಕೆ ಹಡಗಿನಲ್ಲೂ ಗೋಣಿಚೀಲದಲ್ಲೂ ಒಂದೇ ಥರ ಕೈಕೊಡುತ್ತದೆ.

ಈಗ ನಿಮ್ಮ ಸಿಲಿಂಡರ್. ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವ ಎಬಿಸಿ ಸಿಲಿಂಡರಿನ ಹಳದಿ ಪುಡಿ ಅಮೋನಿಯಂ ಫಾಸ್ಫೇಟ್. ಅದನ್ನು ಬ್ಲೀಚಿಂಗ್ ಪೌಡರ್ ಅಥವಾ ಕ್ಲೋರಿನ್ ಗುಳಿಗೆಯ ಮೇಲೆ ಹೊಡೆಯಬಾರದು. ಆರದಿರುವುದು ಒಂದು ಕಡೆ ಇರಲಿ. ಕ್ಲೋರಿನ್ನೂ ಅಮೋನಿಯಾವೂ ಸೇರಿದರೆ ನೈಟ್ರೋಜನ್ ಟ್ರೈಕ್ಲೋರೈಡ್ ಎಂಬ ವಿಷಕಾರಿ, ಸಿಡಿಯುವ ಗುಣದ ವಸ್ತು ಹುಟ್ಟಬಹುದು. ನಿಮಗೆಲ್ಲ ಅಷ್ಟು ಕೆಮ್ಮು ಹಿಡಿದದ್ದರಲ್ಲಿ ಈ ಪುಡಿಯ ಪಾಲೂ ಇದ್ದಿರಬಹುದು. ಅದೇ ಕಾರಣಕ್ಕೆ ಯೂರಿಯಾ ಚೀಲವನ್ನು ಬ್ಲೀಚಿಂಗ್ ಪೌಡರ್ ಪಕ್ಕದಲ್ಲಿ ಇಡಬೇಡಿ. ನೀವು ಫೋನಿನಲ್ಲಿ ಎರಡೂ ಒಂದೇ ಗೋಡೆಗಿವೆ ಅಂದಿರಿ. ಇವತ್ತೇ ಬೇರೆ ಮಾಡಿ.

ನೀರಿನ ವಿಷಯದಲ್ಲಿ ಒಂದು ಗೊಂದಲ ಎಲ್ಲರಿಗೂ ಬರುತ್ತದೆ. ಡ್ರಮ್ಮಿನ ಮೇಲೆ ‘ಒಣ ಜಾಗದಲ್ಲಿಡಿ’ ಅಂತ ಇರುತ್ತದೆ. ನಾನು ನೋಡಿದರೆ ನೀರು ಹೊಯ್ಯಿರಿ ಅನ್ನುತ್ತೇನೆ. ಎರಡೂ ಸರಿ. ಕ್ಲೋರಿನ್ ಗುಳಿಗೆಗೆ, ಅಂದರೆ ಟಿಸಿಸಿಎಗೆ, ಸ್ವಲ್ಪ ನೀರು ತಾಗಿದರೆ ಅದು ಬಿಸಿಯಾಗಿ ಒಡೆಯುತ್ತದೆ, ಕ್ಲೋರಿನ್ ಬಿಡುತ್ತದೆ. ಬಿಸಿಯನ್ನು ಹೊತ್ತುಕೊಂಡು ಹೋಗುವಷ್ಟು ನೀರು ಬಂದರೆ ಮಾತ್ರ ತಣ್ಣಗಾಗುತ್ತದೆ. ಒಂದು ಚೊಂಬು ನೀರು ಕೆಡುಕು, ಒಂದು ಟ್ಯಾಂಕ್ ನೀರು ಮದ್ದು. 2020ರ ಆಗಸ್ಟ್ 27ರಂದು ಅಮೆರಿಕದ ಲೇಕ್ ಚಾರ್ಲ್ಸ್ ಎಂಬಲ್ಲಿ ಲಾರಾ ಚಂಡಮಾರುತ ಬಂತು. ಈಜುಕೊಳದ ಕ್ಲೋರಿನ್ ತಯಾರಿಸುವ ಕಾರ್ಖಾನೆಯ ಮಾಡು ಹಾರಿಹೋಯಿತು. ಒಳಗಿದ್ದ ಟಿಸಿಸಿಎ ಮೇಲೆ ಮಳೆನೀರು ಬಿದ್ದು ಬಿಸಿಯಾಗಿ, ಬೆಂಕಿ ಹೊತ್ತಿ, ಕ್ಲೋರಿನ್ ಹೊಗೆ ಹೆದ್ದಾರಿಗೆ ಬಂದು ಸಂಚಾರವನ್ನೇ ನಿಲ್ಲಿಸಬೇಕಾಯಿತು. ಜಗತ್ತಿನ ಇನ್ನೊಂದು ಮೂಲೆಯ ಮಾತು ಅನ್ನಬೇಡಿ. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ. ಹಂಚಿನ ಮಾಡಿನಲ್ಲಿ ಮಂಗ ಒಂದು ಹಂಚು ಸರಿಸಿದರೆ ಸಾಕು, ರಾತ್ರಿಯಿಡೀ ಒಂದೇ ಡ್ರಮ್ಮಿನ ಮೇಲೆ ತೊಟ್ಟಿಕ್ಕುತ್ತದೆ. ಬೆಂಕಿಗಿಂತ ಮೊದಲು ನಿಮ್ಮ ಮಾಡು ನೋಡಿ.

ಚೆಲ್ಲಿದಾಗ ಏನು ಮಾಡಬೇಕು ಅಂತ ಕೇಳಿದ್ದೀರಿ. ಬೆಂಕಿ ಇಲ್ಲದ, ಬರೀ ಚೆಲ್ಲಿದ ಒಣ ಪುಡಿ ಅಂತ ಇಟ್ಟುಕೊಳ್ಳಿ. ಮೊದಲು ಜನರನ್ನು ಹೊರಗೆ ಕಳಿಸಿ, ಬಾಗಿಲು ಕಿಟಕಿ ತೆಗೆಯಿರಿ. ಬೀಡಿ, ಗ್ಯಾಸ್ ಒಲೆ, ವೆಲ್ಡಿಂಗ್ ಏನಿದ್ದರೂ ನಿಲ್ಲಿಸಿ. ಲೇಬಲ್ ಓದಿ. ರಬ್ಬರ್ ಕೈಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ, ರಬ್ಬರ್ ಬೂಟು ಹಾಕಿ. ಹತ್ತಿಯ ಕೈಗವಸು, ಚರ್ಮದ ಚಪ್ಪಲಿ ಬೇಡ, ಅವೂ ಸೌದೆಯೇ. ಮೂಗಿಗೆ ಕಟ್ಟುವ ಸಾಮಾನ್ಯ ಮಾಸ್ಕ್ ಧೂಳು ತಡೆದೀತು, ಕ್ಲೋರಿನ್ ಅನಿಲ ತಡೆಯುವುದಿಲ್ಲ. ಕಣ್ಣು ಉರಿದು ಗಂಟಲು ಕಟ್ಟುತ್ತಿದ್ದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು, ಹೊರಗೆ ಬನ್ನಿ.

ಅಷ್ಟು ತೊಂದರೆ ಇಲ್ಲದಿದ್ದರೆ, ಚೊಕ್ಕವಾದ ಒಣ ಪ್ಲಾಸ್ಟಿಕ್ ಮೊರದಲ್ಲಿ ಅಥವಾ ಸಲಿಕೆಯಲ್ಲಿ ಮೆಲ್ಲಗೆ ಎತ್ತಿ, ಚೊಕ್ಕವಾದ ಒಣ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ. ‘ಚೊಕ್ಕ’ ಎಂಬ ಮಾತನ್ನು ಸುಮ್ನೆ ಎರಡು ಸಲ ಬರೆದಿಲ್ಲ. ಹಿಡಿಸೂಡಿ ಬೇಡ, ಅದರಲ್ಲಿ ಇಡೀ ಅಂಗಡಿಯ ಕಸ ಇರುತ್ತದೆ. ಮುಚ್ಚಳ ಮೇಲೆ ಸುಮ್ಮನೆ ಇಡಿ, ಒತ್ತಬೇಡಿ. ಎತ್ತಿದ್ದನ್ನು ಮೂಲ ಡ್ರಮ್ಮಿಗೆ ವಾಪಸ್ ಸುರಿಯಲೇಬಾರದು. ಎರಡು ಕಿಲೋ ಉಳಿಸಲು ಹೋಗಿ ಇಪ್ಪತ್ತೈದು ಕಿಲೋಗೆ ಕಸ ಬೆರೆಸಿದ ಹಾಗಾಗುತ್ತದೆ. ಬಕೆಟ್ಟನ್ನು ಹೊರಗೆ, ನೆರಳಿನಲ್ಲಿ, ಮಳೆ ಬೀಳದ ಕಡೆ, ಬೇರೆ ಎಲ್ಲದರಿಂದ ದೂರ ಇಟ್ಟು, ಸರಕು ಕೊಟ್ಟವರಿಗೆ ತಿಳಿಸಿ. ಆಗಾಗ ಕೈಯ ಹಿಂಭಾಗ ತಾಗಿಸಿ ಬಿಸಿ ನೋಡುತ್ತಿರಿ. ನೆಲದಲ್ಲಿ ಉಳಿದ ತೆಳು ಪದರವನ್ನು ಮಾತ್ರ ಧಾರಾಳ ನೀರಿನಲ್ಲಿ ತೊಳೆಯಿರಿ. ಫಿನಾಯಿಲ್, ಆಸಿಡ್, ಸೋಪಿನ ಪುಡಿ ಯಾವುದೂ ಬೇಡ. ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಭರ್ರನೆ ಏಳುತ್ತದೆ.

ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮರೆಯಬೇಡಿ. ನಿಮ್ಮ ಅಂಗಡಿಯ ಹಿಂದಿನ ತೋಡು ಗಜನಿಗೆ, ಅಂದರೆ ಉಪ್ಪುನೀರಿನ ಗದ್ದೆಗೆ, ಸೇರುತ್ತದೆ ಅಂದಿರಿ. ಕ್ಲೋರಿನ್ ಇರುವ ನೀರು ಅಲ್ಲಿಗೆ ಹೋದರೆ ಮೀನು, ಸಿಗಡಿ, ಏಡಿ ಉಳಿಯುವುದಿಲ್ಲ. ಮರಳಿನ ಚೀಲದಿಂದ ಅಡ್ಡ ಕಟ್ಟಿ ನೀರನ್ನು ನಿಲ್ಲಿಸಿಕೊಳ್ಳಿ. ಹೊಂಡದ ಕ್ಲೋರಿನ್ ಇಳಿಸಲು ಸಿಗಡಿ ಸಾಕುವವರು ಬಳಸುವ ಥಯೋಸಲ್ಫೇಟ್ ನಿಮ್ಮಲ್ಲೇ ಇದೆ. ಆ ತೆಳು ನೀರಿಗೆ ಅದನ್ನು ಹಾಕಬಹುದು. ಒಣ ಪೌಡರಿನ ರಾಶಿಯ ಮೇಲೆ ಮಾತ್ರ ಸುರಿಯಬೇಡಿ, ಎರಡೂ ಜೋರಾಗಿ ಬಿಸಿಯಾಗುತ್ತವೆ.

ದ್ರವ ಚೆಲ್ಲಿದರೆ, ಉದಾಹರಣೆಗೆ ಪೆರಾಕ್ಸೈಡ್ ಕ್ಯಾನ್ ಸೋರಿದರೆ, ಚೊಕ್ಕ ಒಣ ಮರಳಿನ ಒಡ್ಡು ಕಟ್ಟಿ ಹರಡದಂತೆ ಮಾಡಿ ನೀರು ಸೇರಿಸಿ ತೆಳುವಾಗಿಸಬೇಕು. ತುಕ್ಕು ಹಿಡಿದ ತಗಡಿನ ಡಬ್ಬಕ್ಕೆ ತುಂಬಬೇಡಿ. ಕಬ್ಬಿಣ ತಾಗಿದರೆ ಪೆರಾಕ್ಸೈಡ್ ನೊರೆ ಎದ್ದು ಒಡೆಯುತ್ತದೆ. ಅದರ ಕ್ಯಾನಿನ ಮುಚ್ಚಳದಲ್ಲಿ ಅನಿಲ ಹೋಗಲು ಸಣ್ಣ ತೂತು ಇರುತ್ತದೆ. ಸೋರುತ್ತದೆ ಅಂತ ಅದಕ್ಕೆ ಮೇಣ ಮೆತ್ತಿದವರನ್ನೂ ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ನಿಮ್ಮ ಅಂಗಡಿಯ ಸಣ್ಣ ಸಂಗತಿ ಒಂದಿದೆ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯಬೇಕು. ಬಿಡಿಯಾಗಿ ಮಾರುವಾಗ ಬ್ಲೀಚಿಂಗ್ ಪೌಡರಿಗೂ ಕ್ಲೋರಿನ್ ಗುಳಿಗೆಯ ಹುಡಿಗೂ ಒಂದೇ ಪ್ಲಾಸ್ಟಿಕ್ ಮಗ್ ಬಳಸುತ್ತೇವೆ ಅಂದಿರಿ. ಹೆಸರು ಎರಡಕ್ಕೂ ಕ್ಲೋರಿನ್, ಬಣ್ಣವೂ ಬಿಳಿ. ಆದರೆ ಒಂದು ಸುಣ್ಣದ ಕಡೆಯದು, ಇನ್ನೊಂದು ಹುಳಿ ಕಡೆಯದು. ಬ್ಲೀಚಿಂಗ್ ಪೌಡರಿನಲ್ಲಿರುವ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಮತ್ತು ಟಿಸಿಸಿಎ ಬೆರೆತು, ಅದಕ್ಕೆ ಸ್ವಲ್ಪ ಪಸೆ ಸೇರಿದರೆ ಬೆಂಕಿ ಏಳಬಹುದು, ಸಿಡಿಯಲೂಬಹುದು. ಮಗ್ಗಿನ ತಳದಲ್ಲಿ ಅಂಟಿದ ಚೂರು ಸಾಕು ಶುರುವಾಗಲು. ಒಂದಕ್ಕೆ ನೀಲಿ ಮಗ್, ಇನ್ನೊಂದಕ್ಕೆ ಕೆಂಪು ಮಗ್ ಮಾಡಿ, ಆಯಾ ಡ್ರಮ್ಮಿಗೇ ದಾರದಿಂದ ಕಟ್ಟಿಬಿಡಿ. ಎರಡು ಮಗ್ಗಿನ ಖರ್ಚು ದೊಡ್ಡದಲ್ಲ.

ಗೊಬ್ಬರಗಳಲ್ಲಿ 13-0-45 ಅಂತ ಮಾರುತ್ತೀರಲ್ಲ, ಅದು ಪೊಟ್ಯಾಶಿಯಂ ನೈಟ್ರೇಟ್. ಶಿರಸಿ ಕಡೆಯ ತೋಟದವರೂ ಹನಿ ನೀರಾವರಿಗೆ ಒಯ್ಯುತ್ತಾರೆ. ಅದೂ ಆಕ್ಸಿಡೈಸರ್. ಅದರ ಪಕ್ಕ ಗಂಧಕದ ಪುಡಿ ಇಡಬಾರದು. ಪಟಾಕಿ ಮದ್ದಿನಲ್ಲಿ ಇದ್ದಿಲಿನ ಜೊತೆ ಸೇರುವವರು ಅವೆರಡೇ. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತ ಈ ಗುಂಪಿನದ್ದಲ್ಲ, ಅದರ ಚಿಂತೆ ಬೇಡ. ನಿಮ್ಮ ಗಿರಾಕಿಗಳಲ್ಲಿ ಫೈಬರ್ ದೋಣಿ ರಿಪೇರಿಯವರಿದ್ದರೆ ಅವರು ರಾಳ ಗಟ್ಟಿಯಾಗಲು ಬೆರೆಸುವ ಹಾರ್ಡನರ್ ಬೇರೆಯೇ ಜಾತಿ. ಅದರ ಚೀಟಿಯಲ್ಲಿ 5.2 ಇರುತ್ತದೆ. ಅದನ್ನು ಕೋಬಾಲ್ಟ್ ಆಕ್ಸಿಲರೇಟರಿನ ಜೊತೆ ನೇರವಾಗಿ ಬೆರೆಸಿದರೆ ಸಿಡಿಯುತ್ತದೆ. ಒಂದು ಕಪಾಟಿನಲ್ಲಿ ಎರಡನ್ನೂ ಇಡಬೇಡಿ ಎಂಬುದಷ್ಟೇ ಇಲ್ಲಿ ಸಾಕು.

ಇನ್ನು ಬೆಂಕಿಯೇ ಎದ್ದರೆ. ಡ್ರಮ್ ಉಬ್ಬುತ್ತಿದ್ದರೆ, ಸದ್ದು ಮಾಡುತ್ತಿದ್ದರೆ, ಬಣ್ಣದ ಹೊಗೆ ಬರುತ್ತಿದ್ದರೆ, ಅಥವಾ ಬೆಂಕಿ ಒಂದು ಚೀಲ ದಾಟಿದ್ದರೆ ಹೋರಾಡಬೇಡಿ. ಎಲ್ಲರೂ ಹೊರಗೆ. ಸರಕಿಗೆ ವಿಮೆ ಇರಬಹುದು, ನಿಮ್ಮ ಹುಡುಗನ ಶ್ವಾಸಕೋಶಕ್ಕೆ ಇಲ್ಲ. ಶುರುವಿನ ಹೊತ್ತು, ಒಂದೇ ಚೀಲ, ಕೈಯಲ್ಲಿ ಪಂಪಿನ ಪೈಪ್ ಇದೆ ಅಂದರೆ ಗಾಳಿಯ ಹಿಂದಿನಿಂದ, ಪೈಪ್ ತಲುಪುವಷ್ಟು ದೂರದಿಂದ ನೀರು ಬಿಡಿ. ಪಕ್ಕದ ಡ್ರಮ್ಮುಗಳ ಹೊರಮೈಗೂ ಬಿಡಿ, ಅವು ಬಿಸಿಯಾಗಬಾರದು. ಜ್ವಾಲೆ ಹೋದ ಮೇಲೂ ನೀರು ನಿಲ್ಲಿಸಬೇಡಿ. ನಿಮ್ಮಲ್ಲಿ ಆದ ಹಾಗೆ ಮತ್ತೆ ಹೊತ್ತುವುದು ಇದರ ಗುಣ. ಉರಿಯುವ ಚೀಲವನ್ನು ಕೈಯಲ್ಲಿ ಎಳೆದಿರಲ್ಲ, ಅದೊಂದನ್ನು ಮತ್ತೆ ಮಾಡಬೇಡಿ. ಈ ಸಲ ಏನೂ ಆಗಲಿಲ್ಲ ಎಂಬುದು ಅದೃಷ್ಟ.

112ಕ್ಕೋ 101ಕ್ಕೋ ಫೋನ್ ಮಾಡಿದಾಗ ‘ಅಂಗಡಿಗೆ ಬೆಂಕಿ’ ಅಂದರೆ ಸಾಲದು. ಯಾವ ಕೆಮಿಕಲ್, ಎಷ್ಟು ಕಿಲೋ, ಪಕ್ಕದಲ್ಲಿ ಏನೇನಿದೆ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ಹೇಳಿ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಬಾಗಿಲ ಹೊರಗೆ ಅಂಟಿಸಿಡಿ. ಒಳಗೆ ಅಂಟಿಸಿದರೆ ಬೆಂಕಿಯ ದಿನ ಓದಲು ಆಗುವುದಿಲ್ಲ.

ಗಾಳಿಯ ದಿಕ್ಕಿಗೆ ನಮ್ಮ ಕರಾವಳಿಯಲ್ಲಿ ಒಂದು ವಿಶೇಷ ಇದೆ. ಮಳೆಗಾಲ ಬಿಟ್ಟರೆ ಸಾಮಾನ್ಯವಾಗಿ ಹಗಲು ಸಮುದ್ರದಿಂದ ಘಟ್ಟದ ಕಡೆಗೆ, ರಾತ್ರಿ ಘಟ್ಟದಿಂದ ಸಮುದ್ರಕ್ಕೆ. ಮೀನಿಗೆ ಹೋಗುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಧ್ಯಾಹ್ನ ಓಡಲು ಸರಿಯಾದ ದಿಕ್ಕು ಬೆಳಗಿನ ಜಾವ ತಪ್ಪಾಗಬಹುದು. ಅಂಗಳದ ತೆಂಗಿನ ಗರಿ ಯಾವ ಕಡೆ ಬಾಗಿದೆ ನೋಡಿ, ಅದರ ಎದುರಿಗೆ ಅಥವಾ ಅಡ್ಡಕ್ಕೆ ಹೋಗಿ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ತಗ್ಗಿಗೆ ಇಳಿದು ತೋಡಿನಲ್ಲಿ, ಗದ್ದೆಯಲ್ಲಿ ನಿಲ್ಲುತ್ತದೆ. ಆದ್ದರಿಂದ ಎತ್ತರಕ್ಕೆ ಹೋಗಿ.

ಮೈಮೇಲೆ ಬಿದ್ದವರಿಗೆ: ಬಟ್ಟೆಯನ್ನು ತಕ್ಷಣ ನೀರಲ್ಲಿ ನೆನೆಸುತ್ತಲೇ ತೆಗೆಯಿರಿ. ನೈಟ್ರೇಟೋ ಪರ್ಮಾಂಗನೇಟೋ ಹಿಡಿದ ಹತ್ತಿ ಬಟ್ಟೆ ಒಣಗಿದ ಮೇಲೆ ಒಂದು ಕಿಡಿಗೆ ಭಗ್ ಅನ್ನುತ್ತದೆ. ಮನೆಗೆ ಒಯ್ದು ಬೇರೆ ಬಟ್ಟೆಯ ಜೊತೆ ಹಾಕಬೇಡಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ಹರಿಯುವ ನೀರು, ಆಮೇಲೆ ಆಸ್ಪತ್ರೆ. ಹೊಗೆ ಕುಡಿದವರು ಆ ಹೊತ್ತಿಗೆ ಚೆನ್ನಾಗಿ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು. ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ಗಂಟೆ ತಡವಾಗಿ ಶುರುವಾಗಬಹುದು. ನಿಮ್ಮ ಹುಡುಗನಿಗೆ ರಾತ್ರಿ ಎದೆ ಬಿಗಿದಿತ್ತು ಅಂದಿರಿ. ಮಾರನೇ ದಿನವೇ ಕರೆದುಕೊಂಡು ಹೋದದ್ದು ಒಳ್ಳೆಯದಾಯಿತು. ಮುಂದೆ ಮಾರನೇ ದಿನದವರೆಗೆ ಕಾಯಬೇಡಿ, 108 ಕರೆಯಿರಿ.

ಹೆದ್ದಾರಿ ಪಕ್ಕದವರಾದ್ದರಿಂದ ಇನ್ನೊಂದು ಮಾತು. 66ನೇ ನಂಬರಿನ ಈ ರಸ್ತೆಯಲ್ಲಿ ಕೆಮಿಕಲ್ ಲಾರಿಗಳು ಹಗಲೂ ರಾತ್ರಿ ಓಡುತ್ತವೆ. 2015ರಲ್ಲಿ ನಿಮ್ಮ ಬರ್ಗಿಯಲ್ಲೇ ಗ್ಯಾಸ್ ಟ್ಯಾಂಕರ್ ಉರುಳಿದ್ದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಲಾರಿಯ ಬದಿ ಮತ್ತು ಹಿಂಭಾಗದಲ್ಲಿ ತುರ್ತು ಮಾಹಿತಿಯ ಫಲಕ ಇರಲೇಬೇಕು. ಅದರಲ್ಲಿ ಒಳಗಿರುವ ಕೆಮಿಕಲ್ ಯಾವುದೆಂದು ತಿಳಿಸುವ ನಾಲ್ಕು ಅಂಕಿಯ ಯುಎನ್ ನಂಬರ್ ಇರುತ್ತದೆ. ಪರ್ಮಾಂಗನೇಟಿಗೆ 1490, ಟಿಸಿಸಿಎಗೆ 2468, ಅಮೋನಿಯಂ ನೈಟ್ರೇಟಿಗೆ 1942. ಮೇಲೆ ಬೆಂಕಿಗೆ ಏನು ಬಳಸಬೇಕು ಅಂತ ಹೇಳುವ ಹ್ಯಾಜ್‌ಕೆಮ್ ಕೋಡ್ ಇರುತ್ತದೆ. ಅದರ ಮೊದಲ ಅಂಕಿ 1 ಅಥವಾ 2 ಆದರೆ ನೀರು, 3 ಆದರೆ ನೊರೆ, 4 ಆದರೆ ಒಣ ಪುಡಿ. ಕೊನೆಗೆ ಇಂಗ್ಲಿಷಿನ ‘ಇ’ ಅಕ್ಷರ ಇದ್ದರೆ ಸುತ್ತಲಿನ ಜನರನ್ನು ತೆರವು ಮಾಡುವ ಯೋಚನೆ ಮಾಡಬೇಕು ಎಂದರ್ಥ. ದೂರದಿಂದಲೇ ಫೋನಿನ ಕ್ಯಾಮೆರಾ ಜೂಮ್ ಮಾಡಿ ಓದಿ 112ಕ್ಕೆ ಹೇಳಿ. ಆಕ್ಸಿಡೈಸರ್ ಪುಡಿ ಚೆಲ್ಲಿದ್ದರೆ ಕನಿಷ್ಠ 25 ಮೀಟರ್, ದ್ರವವಾದರೆ 50 ಮೀಟರ್ ದೂರ ನಿಲ್ಲಿ. ಟ್ಯಾಂಕರಿಗೆ ಬೆಂಕಿ ಹತ್ತಿದರೆ ಕನಿಷ್ಠ 800 ಮೀಟರ್. ಒಡೆದ ಚೀಲ ಬಾಚಿಕೊಳ್ಳಲು ಓಡುವವರನ್ನು ತಡೆಯಿರಿ. ಲಾರಿಯ ಡೀಸೆಲ್ ಆ ಪುಡಿಗೆ ಸೇರುವ ಹೊತ್ತಿಗೆ ಅಲ್ಲಿ ಯಾರೂ ಇರಬಾರದು.

ಹಿತ್ತಲಿನ ಬಕೆಟ್ಟಿನ ಕಥೆ ಬಾಕಿ ಇದೆ. ನೀವು ಅಗ್ನಿಶಾಮಕ ಠಾಣೆಗೆ ಹೇಳಿದಿರಿ, ಅವರು ಬಂದರು. ಬಯಲಿನಲ್ಲಿ ದೊಡ್ಡ ಪ್ಲಾಸ್ಟಿಕ್ ಟ್ಯಾಂಕಿಗೆ ಮೊದಲು ನೀರು ತುಂಬಿಸಿ, ಕಸವನ್ನು ಸ್ವಲ್ಪ ಸ್ವಲ್ಪವೇ ಅದಕ್ಕೆ ಹಾಕಿಸಿದರು. ಕ್ರಮ ಅದೇ: ನೀರಿಗೆ ಪುಡಿ, ಪುಡಿಗೆ ನೀರಲ್ಲ. ಒಂದು ಚಮಚೆ ಬಿದ್ದಾಗಲೂ ಚುಯ್ ಅಂದಿತು, ಉಳಿದದ್ದು ಇನ್ನೂ ಜೀವಂತವಿತ್ತು ಅಂತ ನೀವು ಹೇಳಿದಿರಿ. ವಾರ ಕಳೆದರೂ ಅದು ಹಾಗೆಯೇ ಇರುತ್ತದೆ.

ಯಾವ ಸಿಲಿಂಡರ್ ಎಂಬ ಕೊನೆಯ ಪ್ರಶ್ನೆಗೆ: ಎಬಿಸಿ ಸಿಲಿಂಡರನ್ನು ಬಿಸಾಡಬೇಡಿ. ಅದನ್ನು ಮುಂದಿನ ಕೋಣೆಗೆ, ಕರೆಂಟ್ ಬೋರ್ಡಿನ ಹತ್ತಿರ ತೂಗುಹಾಕಿ. ಗೋದಾಮಿಗೆ ಸಿಲಿಂಡರ್ ಬೇಡ, ಪೈಪ್ ಬೇಕು. ನಿಮ್ಮ ಪಂಪಿನಿಂದ ಗೋದಾಮಿನ ಬಾಗಿಲಿಗೆ 18 ಮೀಟರ್ ಅಂದಿರಿ. 30 ಮೀಟರಿನ ಪೈಪ್ ತನ್ನಿ, ಗಾಳಿ ತಿರುಗಿದರೆ ಸುತ್ತಿ ಬರಲು ಉದ್ದ ಬೇಕು. ಪಂಪಿನ ಸ್ವಿಚ್ ಈಗ ಗೋದಾಮಿನ ಒಳಗಿದೆಯಲ್ಲ, ಅದನ್ನು ಮಳೆ ಶುರುವಾಗುವ ಮೊದಲೇ ಹೊರಗಿನ ಕಂಬಕ್ಕೆ ಹಾಕಿಸಿ.